ಸರ್ಚ್ ಪುಟದ ಕನ್ನಡ

ಪುಣೆಯ ನಮ್ಮ ಆಫೀಸಿನಲ್ಲಿ ಸರ್ಚ್ ಪುಟ ಯಾರನ್ನೂ ಕೇಳದೆ ಮರಾಠಿಯಲ್ಲೇ ತೆರೆದುಕೊಳ್ಳುತ್ತಿತ್ತು. ನಾನು ದಿನಾ ಬೈದುಕೊಂಡು ಅದನ್ನು ಇಂಗ್ಲಿಷಿಗೆ ಬದಲಾಯಿಸುತ್ತಿದ್ದೆ. ಒಂದು ವರ್ಷ ಏಪ್ರಿಲ್ ಒಂದರಂದು ಸೊಲ್ಲಾಪುರದ ಸಹೋದ್ಯೋಗಿಯೊಬ್ಬ ತಮಾಷೆಗೆಂದು ಮ್ಯಾನೇಜರರ ಕಂಪ್ಯೂಟರಿನಲ್ಲಿ ಅದನ್ನು ಕನ್ನಡಕ್ಕೆ ತಿರುಗಿಸಿದ. ಮತ್ತೆ ಮೊದಲಿನಂತೆ ಮಾಡಲು ಗೊತ್ತಾಗದೆ ನನ್ನ ಮೇಜಿಗೆ ಓಡಿಬಂದ.

“ನಂಗ ಕನ್ನಡ ಮಾತಾಡ್ಲಿಕ್ಕೆ ಬರ್ತದ್ರಿ, ಓದ್ಲಿಕ್ಕೆ ಬರಂಗಿಲ್ಲ. ನೀವ ಬರ್ರಿ.”

ಕರ್ನಾಟಕದಲ್ಲೇ ಓದಿ ಬೆಳೆದ ನಾನು ಗತ್ತಿನಿಂದಲೇ ಹೋಗಿ ಕುಳಿತೆ. ಪರದೆಯ ಮೇಲಿದ್ದ ಗ್ರಾಂಥಿಕ ಪದಗಳಲ್ಲಿ ಭಾಷೆ ಬದಲಿಸುವುದು ಯಾವುದೆಂದು ನನಗೂ ಹೊಳೆಯಲಿಲ್ಲ. ಕೊನೆಗೆ, ಇಂಗ್ಲಿಷ್ ಪುಟದಲ್ಲಿ ಅದು ಎಲ್ಲಿರುತ್ತಿತ್ತೆಂದು ನೆನಪಿಸಿಕೊಂಡು ಅದೇ ಜಾಗದಲ್ಲಿ ಒತ್ತಿದೆ. ಪುಟ ಸರಿಹೋಯಿತು.

“ತಾಯಿಭಾಷಾ ಅಂದ್ರ ಹಿಂಗ ನೋಡ್ರಿ!” ಎಂದ ಅವನು.

“ಮತ್ತೇನಂದುಕೊಂಡೆ?” ಎಂದೆ ನಾನು.