ಕತ್ತಿ ಇದ್ದೂ ಹೊಡೆಯದವಳು

ಕಡಹಿನಬೈಲಿನಲ್ಲಿ ಅವಳ ಮನೆ, ನನ್ನ ಮನೆ ಪಕ್ಕಪಕ್ಕ. ಕೊಟ್ಟಿಗೆಗೆ ಸೊಪ್ಪು ಬೇಕಾದಾಗ ಇಬ್ಬರೂ ಕತ್ತಿ ಹಿಡಿದು ಒಟ್ಟಿಗೇ ಗುಡ್ಡಕ್ಕೆ ಹೋಗುತ್ತಿದ್ದೆವು. ವಯಸ್ಸಿನಲ್ಲಿ ನಾನು ದೊಡ್ಡವಳು, ಅವಳು ನನ್ನನ್ನು ಅಕ್ಕ ಎನ್ನುತ್ತಾಳೆ. ಊರಿನಲ್ಲಿ ಬಾಯಿ ಜೋರು ಎಂದು ಹೆಸರು ಪಡೆದವಳೂ ನಾನೇ.

ಆ ಬೆಳಿಗ್ಗೆ ಅವಳ ಗಂಡನ ಅಣ್ಣ ಕುಡಿದುಕೊಂಡು ಗುಡ್ಡಕ್ಕೇ ಬಂದ. ಬೇಲಿಯ ಜಗಳ ಅವರಲ್ಲಿ ಹಳೆಯದು. ನಾಲ್ಕು ಮಾತು ಬೈದು ಹೋಗುತ್ತಾನೆ ಅಂದುಕೊಂಡೆ. ಅವನು ಅವಳನ್ನು ಮರಕ್ಕೆ ಒತ್ತಿ ಹಿಡಿದು ಕುತ್ತಿಗೆ ಹಿಸುಕಿದ. ಅವಳ ಕಾಲು ನೆಲ ಕೆರೆಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆಮೇಲೆ ಅವಳು ಕತ್ತಿ ಬೀಸಿದಳು, ಒಂದೇ ಸಲ. ಅವನ ಎಡಗೈಯ ಎರಡು ಬೆರಳು ಹೋದವು.

ಕೇಸು ಅವಳ ಮೇಲೆ ಬಿತ್ತು. ಮಾರಕಾಸ್ತ್ರ ಹಿಡಿದು ಹೋಗಿದ್ದಳಂತೆ. ಸೊಪ್ಪಿಗೆ ಹೋಗುವವರು ಕತ್ತಿ ಬಿಟ್ಟು ಬೀಸಣಿಗೆ ಹಿಡಿದು ಹೋಗುತ್ತಾರೆಯೇ? ಕೆಲವರು ಧೈರ್ಯ ಹೇಳಿದರು: ಹೊಸ ಕಾನೂನು ಬಂದಿದೆ, ಜೀವ ಉಳಿಸಿಕೊಳ್ಳಲು ಹೊಡೆದರೆ ಈಗ ಏನೂ ಆಗುವುದಿಲ್ಲ. ಅದನ್ನು ನಂಬಿ ಎನ್.ಆರ್.ಪುರದ ವಕೀಲರ ಬಳಿ ಹೋದೆವು. ಅವರು ನಕ್ಕರು. "ಕಲಮಿನ ನಂಬರ್ ಬದಲಾಗಿದೆ ಅಷ್ಟೆ. ಜೀವ ಹೋಗ್ತದೆ ಅನ್ನೋ ಹೆದರಿಕೆ ಇತ್ತಾ, ಬೇಕಾದ್ದಕ್ಕಿಂತ ಹೆಚ್ಚು ಹೊಡೆದಳಾ, ಅವತ್ತೂ ಅದೇ ಪ್ರಶ್ನೆ, ಇವತ್ತೂ ಅದೇ."

"ಹೆದರಿಕೆನ ಅಳೆಯೋದು ಹ್ಯಾಗೆ?" ಎಂದು ಕೇಳಿದೆ.

"ಆ ಜಾಗದಲ್ಲಿ ಬೇರೆ ಯಾರಾದ್ರೂ ಸಾಧಾರಣ ಮನುಷ್ಯರು ಇದ್ದಿದ್ರೆ ಎಂತ ಮಾಡ್ತಿದ್ರು ಅಂತ ನೋಡ್ತಾರೆ."

ಆ ಸಾಧಾರಣ ಮನುಷ್ಯರು ಯಾರೆಂದು ನಾನಾಗ ಯೋಚಿಸಲಿಲ್ಲ. ಪೊಲೀಸರು ನನ್ನನ್ನೇ ಸಾಕ್ಷಿ ಮಾಡಿದ್ದರು. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಎಂದು ಹಾಲಿನ ಡೈರಿಯಲ್ಲಿ ಗಂಡಸರು ಆಡಿಕೊಂಡರು. ಆಡಿಕೊಳ್ಳಲಿ, ಕಂಡದ್ದನ್ನು ಕಂಡ ಹಾಗೆ ಹೇಳಿ ಅವಳನ್ನು ಬಿಡಿಸಿಕೊಂಡು ಬರುತ್ತೇನೆ ಎಂಬ ಹುಮ್ಮಸ್ಸಿನಲ್ಲೇ ಕೋರ್ಟಿಗೆ ಹೋದೆ.

ಸರ್ಕಾರಿ ವಕೀಲರು ಮೆತ್ತಗೆ ಶುರು ಮಾಡಿದರು. ನೀವೂ ಅಲ್ಲೇ ಇದ್ದಿರಾ? ಇದ್ದೆ. ನಿಮ್ಮ ಕೈಯಲ್ಲೂ ಕತ್ತಿ ಇತ್ತೇ? ಇತ್ತು. ಎಲ್ಲವನ್ನೂ ನೋಡಿದಿರಾ? ನೋಡಿದೆ. ನೀವು ಅವನಿಗೆ ಹೊಡೆದಿರಾ? ಇಲ್ಲ. ಕೂಗಿದಿರಾ?

"ಇಲ್ಲ" ಎಂದೆ. ಅಷ್ಟಕ್ಕೇ ಅವರು ನ್ಯಾಯಾಧೀಶರ ಕಡೆ ತಿರುಗಿದರು. ಅದೇ ಜಾಗ, ಅಂಥದೇ ಕತ್ತಿ, ಈ ಹೆಂಗಸಿಗೆ ಹೊಡೆಯುವಂಥ ಅಪಾಯ ಕಾಣಲಿಲ್ಲ, ಆರೋಪಿಗೆ ಮಾತ್ರ ಕಂಡಿತು ಎಂದರು.

ನನಗೆ ಮೈಯೆಲ್ಲ ಉರಿಯಿತು. ಅವಳನ್ನು ಅಳೆಯುವ ಸೇರು ನಾನೇ ಆಗಿದ್ದೆ. ಏನೂ ಮಾಡದೆ ನಿಂತವಳು ಸಾಧಾರಣ ಮನುಷ್ಯಳು, ಜೀವ ಉಳಿಸಿಕೊಂಡವಳು ಅಪರಾಧಿ. ಕಾನೂನಿನಲ್ಲಿ ಬದಲಾಯಿಸುವುದಿದ್ದರೆ ಮೊದಲು ಈ ಅಳತೆಯನ್ನು ಬದಲಾಯಿಸಬೇಕಿತ್ತು. ಯಾರ ಕುತ್ತಿಗೆ ಇನ್ನೊಬ್ಬರ ಕೈಗೆ ಸಿಕ್ಕಿದೆಯೋ ಅವರ ಹೆದರಿಕೆಯನ್ನು, ದೂರ ನಿಂತವರ ಹೆದರಿಕೆಯಿಂದ ಅಳೆಯುವುದು ಯಾವ ನ್ಯಾಯ?

ನಮ್ಮ ವಕೀಲರು ಎದ್ದು ಒಂದೇ ಪ್ರಶ್ನೆ ಕೇಳಿದರು. "ನೀವು ಯಾಕೆ ಹೊಡೆಯಲಿಲ್ಲ?"

ಅವಳು ಕಟಕಟೆಯಲ್ಲಿ ನನ್ನನ್ನೇ ನೋಡುತ್ತಿದ್ದಳು. ನನ್ನ ಮಾನ ಉಳಿಸಿಕೊಳ್ಳಲು ಸುಳ್ಳು ಹೇಳಿದರೆ ಅವಳಿಗೆ ಜೈಲು.

"ಹೆದರಿಕೆಗೆ ಕಾಲು ಏಳಲಿಲ್ಲ, ಸ್ವಾಮಿ. ಸ್ವರವೂ ಹೊರಡಲಿಲ್ಲ. ಅವಳಾಗಿ ಬಿಡಿಸ್ಕೊಳ್ಳದೆ ಇದ್ದಿದ್ರೆ ಸತ್ತೇ ಹೋಗ್ತಿದ್ಲು. ನಾನು ನೋಡ್ತಾ ನಿಂತೇ ಇರ್ತಿದ್ದೆ."

ಕೋರ್ಟಿನಲ್ಲಿ ಅದನ್ನು ಟೈಪ್ ಮಾಡಿಕೊಂಡರು. ಹೊರಗೆ ಬಂದ ಮೇಲೆ ವಕೀಲರು, ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ ಎಂದು ನನ್ನನ್ನು ಹೊಗಳಿದರು. ತೀರ್ಪು ಇನ್ನೂ ಬಂದಿಲ್ಲ. ಬಿಡುಗಡೆ ಆಗಬಹುದು ಎನ್ನುತ್ತಾರೆ.

ಜಾಮೀನಿನ ಮೇಲಿದ್ದ ಅವಳು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ನಾನು ಸಮಾಧಾನಕ್ಕೆ ಏನೇನೋ ಹೇಳುತ್ತಿದ್ದೆ, ಎಲ್ಲ ಸರಿಹೋಗ್ತದೆ ಮಾರಾಯ್ತಿ ಎಂದೆ. ನಮ್ಮ ಊರಲ್ಲಿ ಇಳಿದು ಗದ್ದೆಯ ಅಂಚಿನಲ್ಲಿ ಸ್ವಲ್ಪ ದೂರ ನಡೆದ ಮೇಲೆ ಅವಳು ನಿಂತಳು.

"ನೀವು ಬರ್ತಾ ಇದ್ದೀರಿ ಅಂತ ತಿಳ್ಕೊಂಡಿದ್ದೆ ಅಕ್ಕ" ಎಂದಳು. "ಕತ್ತಿ ಆಗ್ಲೇ ಕೈಯಲ್ಲಿತ್ತು. ಇನ್ನೊಂಚೂರು ತಡ್ಕೊಂಡ್ರೆ ಅಕ್ಕ ಬಂದು ಬಿಡಿಸ್ತಾರೆ ಅಂತ, ಉಸಿರು ಕಟ್ಟೋ ತನಕ ತಡ್ಕೊಂಡಿದ್ದೆ."