ಎಸಿಲ್ಫಿ ಮೇಷ್ಟ್ರ ತಪಾಸಣೆ

ಕೇಪ್ ಕೋಸ್ಟ್ ಪಟ್ಟಣದ ಹೆಣ್ಣುಮಕ್ಕಳ ಶಾಲೆಯ ಉಪ ಮುಖ್ಯೋಪಾಧ್ಯಾಯ ಎಸಿಲ್ಫಿಯವರ ಬೂಟಿನ ಸದ್ದು ಕೇಳಿದರೆ ಸಾಕು, ಕಥೆಪುಸ್ತಕಗಳೆಲ್ಲ ಡೆಸ್ಕಿನೊಳಗೆ ಅವಿತುಕೊಳ್ಳುತ್ತವೆ. "ಹಾರೋ ಕುದುರೆಯಂತೆ, ಮಾತಾಡೋ ಕತ್ತಿಯಂತೆ! ಇದನ್ನ ಓದಿ ಯಾರು ಉದ್ಧಾರ ಆಗಿದ್ದಾರೆ, ಹೇಳಮ್ಮ?" ಎನ್ನುವುದು ಅವರ ನಿತ್ಯದ ಸುಪ್ರಭಾತ. ಜಪ್ತಿ ಮಾಡಿದ ಪುಸ್ತಕವನ್ನು ಸತ್ತ ಇಲಿಯ ಬಾಲದಂತೆ ಎರಡೇ ಬೆರಳಲ್ಲಿ ಹಿಡಿದು ತಮ್ಮ ಕೋಣೆಗೆ ಒಯ್ಯುತ್ತಾರೆ. ಈ ವಯಸ್ಸಿನಲ್ಲಿ ಇದೇನು ಎಂಬ ನಾಚಿಕೆಗೆ ಚಿಲಕ ಹಾಕಿಕೊಂಡು, ಅದಕ್ಕೆ ಬೀಜಗಣಿತದ ರಟ್ಟು ಹೊದಿಸಿ, ಮಧ್ಯಾಹ್ನದ ಊಟದ ಮೆಕ್ಕೆಜೋಳದ ಕೆಂಕೆಯುಂಡೆಯನ್ನು ಶಿಟೊ ಖಾರಕ್ಕೆ ಅದ್ದುತ್ತ ಓದುತ್ತಾರೆ. ಹಾರುವ ಕುದುರೆಯ ಮೂರು ಸಂಪುಟಗಳು ಹೀಗೇ ಮುಗಿದವು. ನಾಲ್ಕನೆಯದನ್ನು ಹುಡುಕಿಕೊಂಡು ಅವರು ಒಂದೇ ವಾರದಲ್ಲಿ ಐದು ಸಲ ತಪಾಸಣೆ ಮಾಡಿದ್ದನ್ನು ಶಾಲೆಯೆಲ್ಲ ಶಿಸ್ತು ಎಂದುಕೊಂಡಿತು. ಕಥೆಯಲ್ಲಿ ಆ ಕುದುರೆ ಗದರಿದರೆ ಬರುವುದಿಲ್ಲ, ಮೆಲ್ಲಗೆ ಕರೆದರೆ ಮಾತ್ರ ಬರುತ್ತದೆ. ಗದರದೆ ಯಾರನ್ನೂ ಕರೆದು ಗೊತ್ತಿಲ್ಲದ ಎಸಿಲ್ಫಿಯವರು ಆ ಪುಟಗಳನ್ನು ಎರಡೆರಡು ಸಲ ಓದುತ್ತಾರೆ. ಜಪ್ತಿಯಾದದ್ದನ್ನು ಶುಕ್ರವಾರ ಹಿಂದಿರುಗಿಸುವುದು ನಿಯಮ. ನಾಲ್ಕನೆಯ ಸಂಪುಟ ವಾಪಸು ಪಡೆದ ಅರಾಬಾ ಎಂಬ ಹುಡುಗಿ, ಕುದುರೆಗೆ ಬಾಣ ತಗಲುವ ಪುಟ ತೆರೆದು, "ಇದ್ಯಾಕೆ ಸಾರ್, ಹಾಳೆ ನೆನೆದಿದೆ?" ಎಂದಳು. "ಶಿಟೊ ಬಿತ್ತು." ಅವಳು ಹಾಳೆಯನ್ನು ಮೂಸಿದಳು. "ಖಾರದ ವಾಸನೇನೇ ಇಲ್ವಲ್ಲ ಸಾರ್? ಹೋಗ್ಲಿ ಬಿಡಿ, ನಾನೂ ಅಲ್ಲೇ ಅತ್ತಿದ್ದು. ಐದನೇದರಲ್ಲಿ ಅದು ಬದುಕುತ್ತೆ. ಸೋಮವಾರ ನನ್ನ ಡೆಸ್ಕೇ ತಪಾಸಣೆ ಮಾಡಿ." ಕಿವಿಯವರೆಗೂ ಬಿಸಿಯೇರಿದ ಎಸಿಲ್ಫಿಯವರು ಗದರಲೆಂದೇ ಬಾಯಿ ತೆರೆದರು. ಆದರೆ ಹೊರಬಂದದ್ದು ಅವರಿಗೇ ಗುರುತು ಸಿಗದಷ್ಟು ಮೆಲ್ಲನೆಯ ದನಿ: "ನಿಜವಾಗ್ಲೂ ಅದು ಬದುಕುತ್ತೇನಮ್ಮ?"