ಟೋಪಿಯ ಒಳಮೈ

ಆ ಮನೆಯ ಹಿರಿಸೊಸೆಗೆ ವಾರಗಿತ್ತಿಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಒಡವೆಗಲ್ಲ, ಮೈದುನನ ಸಂಬಳಕ್ಕೂ ಅಲ್ಲ, ಒಂದು ಉಣ್ಣೆಯ ಟೋಪಿಗೆ. ನಗಬೇಡಿ. ಉರಿಯುವ ಹೊಟ್ಟೆಗೆ ಸೌದೆ ಯಾವುದಾದರೇನು?

ಬೀದಿಯ ಕೊನೆಗೆ ಒಂದು ಉಣ್ಣೆ ಅಂಗಡಿ. ಚಳಿ ಶುರುವಾಗುವ ಮುಂಚೆ ಅಂಗಡಿಯಮ್ಮ ತನಗೆ ಹೆಣೆದು ಕೊಡುವ ಹೆಂಗಸರಿಂದೆಲ್ಲ ಒಂದೊಂದು ಟೋಪಿ ತರಿಸುತ್ತಿದ್ದಳು. ಅದರಲ್ಲಿ ಒಂದನ್ನು ಆರಿಸಿ, ಗಾಜಿನ ಬೀರುವಿನಲ್ಲಿದ್ದ ಮರದ ತಲೆಗೆ ತೊಡಿಸುತ್ತಿದ್ದಳು. ಮಿಕ್ಕವರೆಲ್ಲ ಆ ವರ್ಷ ಅದನ್ನೇ ನೋಡಿ ಹೆಣೆಯಬೇಕು. ಹನ್ನೊಂದು ವರ್ಷದಿಂದ ಆ ಮರದ ತಲೆ ಹಿರಿಸೊಸೆಯ ಸ್ವಂತ ಆಸ್ತಿಯಂತಾಗಿತ್ತು. ಅವಳ ಟೋಪಿಯೆಂದರೆ ಹಕ್ಕಿ. ನೀಲಿಯ ಮೇಲೆ ಬಿಳಿಯ ದೊಡ್ಡ ಹಕ್ಕಿ, ರೆಕ್ಕೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ. "ನನ್ನ ಹೆಂಡ್ತಿ ಊರಿಗೆಲ್ಲ ಟೋಪಿ ಹಾಕ್ತಾಳೆ, ಆದ್ರೂ ಪೊಲೀಸ್ನೋರು ಹಿಡಿಯಲ್ಲ" ಎಂದು ಗಂಡ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಅವಳು ಮುಖ ಸಿಂಡರಿಸಿಕೊಂಡರೂ ಒಳಗೊಳಗೇ ಹಿಗ್ಗುತ್ತಿದ್ದಳು.

ಎರಡು ವರ್ಷದ ಹಿಂದೆ ಮೈದುನನ ಮದುವೆಯಾಯಿತು. ಕಿರಿಸೊಸೆ ಬಂದ ಹೊಸತರಲ್ಲೇ, "ಅಕ್ಕಾ, ನಂಗೂ ಕಲಿಸಿ" ಎಂದು ಪಕ್ಕದಲ್ಲಿ ಕೂತಳು. ಇಲ್ಲ ಎನ್ನುವುದು ಹೇಗೆ? ಕಲಿಸಿದಳು. ಆದರೆ ಒಂದನ್ನು ಮುಚ್ಚಿಟ್ಟುಕೊಂಡಳು.

ಎರಡು ಬಣ್ಣದಲ್ಲಿ ಹೆಣೆಯುವಾಗ ಒಂದು ಬಣ್ಣ ಮುಂದೆ ಕಾಣುತ್ತದೆ, ಇನ್ನೊಂದು ಹಿಂದೆ ಹಾಯುತ್ತದೆ. ಒಂದೇ ಬಣ್ಣದ ಏಳೆಂಟು ಕುಣಿಕೆ ಹಾಕಿದರೆ ಹಿಂದಿನ ಎಳೆ ಉದ್ದಕ್ಕೆ ಜೋತು ಬೀಳುತ್ತದೆ. ಟೋಪಿ ಹಾಕಿಕೊಳ್ಳುವಾಗ ಬೆರಳು, ಓಲೆ ಎಲ್ಲ ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಅದಕ್ಕೆ ನಡುನಡುವೆ ಆ ಎಳೆಯನ್ನು ಮುಂದಿನ ಎಳೆಯ ಜೊತೆ ಒಂದು ಸಲ ತಿರುವಿ ಹಿಡಿಸಬೇಕು. ಅಷ್ಟೇ. ಹಿರಿಸೊಸೆ ಅದನ್ನು ಹೇಳಲೇ ಇಲ್ಲ. "ಮೂರು ಕುಣಿಕೆಗಿಂತ ಜಾಸ್ತಿ ಒಂದೇ ಬಣ್ಣ ಹಾಕ್ಬೇಡಮ್ಮ, ಅದು ನಿನ್ನ ಕೈಗೆ ಬರಲ್ಲ" ಎಂದುಬಿಟ್ಟಳು. ಹಕ್ಕಿಯ ರೆಕ್ಕೆಯ ಸಾಲುಗಳನ್ನು ಕಿರಿಯವಳು ಅಡುಗೆಮನೆಯಲ್ಲಿದ್ದಾಗ ಮುಗಿಸಿಕೊಳ್ಳುತ್ತಿದ್ದಳು.

ಮೂರೇ ಕುಣಿಕೆಯಲ್ಲಿ ಏನು ಮಾಡಿಯಾಳು ಪಾಪ! ಚುಕ್ಕಿ ಹಾಕಿದಳು. ಚುಕ್ಕಿ ಪಕ್ಕ ಚುಕ್ಕಿ, ಎರಡು ಸಾಲಿಗೊಮ್ಮೆ ಬಣ್ಣ ಬದಲು. "ಇದೇನೇ, ಸಾಸಿವೆ ಡಬ್ಬಿ ಚೆಲ್ಲಿದ ಹಾಗಿದೆ!" ಎಂದು ಹಿರಿಯವಳು ಮನಸಾರೆ ನಕ್ಕಳು. ಮೂರನೆಯ ಟೋಪಿಗೆ ಆ ನಗು ನಿಂತಿತು. ಚುಕ್ಕಿಗಳು ಸೇರಿ ಹೂವಾಗಿದ್ದವು, ಅಂಗೈ ಅಗಲದಲ್ಲಿ ಐದು ಬಣ್ಣ. ಒಳಗಿನ ಎಳೆಗಳು ಒತ್ತೊತ್ತಾಗಿ ಕೂತು ಟೋಪಿ ದಪ್ಪವಾಗಿತ್ತು. ಅತ್ತೆ ತಲೆಯ ಮೇಲಿದ್ದ ಹಕ್ಕಿಯನ್ನು ತೆಗೆದಿಟ್ಟು ಅದನ್ನು ಹಾಕಿಕೊಂಡು, "ಇದು ಬೆಚ್ಚಗಿದೆ ಕಣೇ" ಎಂದರು. ಹಿರಿಯವಳ ಮುಂದೆಯೇ!

ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಕಿರಿಯವಳು ಸ್ನಾನಕ್ಕೆ ಹೋದಾಗ ಟೋಪಿಯನ್ನು ಕಿಟಕಿಗೆ ಹಿಡಿದು ತಪ್ಪು ಹುಡುಕಿದಳು. ಒಂದು ಕುಣಿಕೆ ಬಿಟ್ಟಿರಬಾರದೇ, ಒಂದು ಸಾಲು ಸೊಟ್ಟಗಾಗಿರಬಾರದೇ! ಇರಲಿಲ್ಲ ದರಿದ್ರದ್ದು. ಸಿಟ್ಟಿಗೆ ಟೋಪಿಯನ್ನು ಮುದುರಿ ಎಸೆದಳು, ಮತ್ತೆ ತಾನೇ ಎತ್ತಿ ಮಡಚಿ ಇಟ್ಟಳು.

ಈ ವರ್ಷ ಆರಿಸುವ ದಿನ ಇಬ್ಬರೂ ಒಟ್ಟಿಗೇ ಹೋದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಹಿರಿಸೊಸೆ ಆಗಲೇ ನೆರೆಮನೆಯವರಿಗೆಲ್ಲ, "ಸಂಜೆ ಬೀರು ನೋಡ್ಕೊಂಡು ಬನ್ನಿ" ಎಂದು ಹೇಳಿಬಂದಿದ್ದಳು. ಅಂಗಡಿಯಮ್ಮ ಹಕ್ಕಿಯನ್ನು ಕೈಗೆತ್ತಿಕೊಂಡು, "ಚೆನ್ನಾಗಿದೆ, ಯಾವತ್ತಿನ ಹಾಗೆ" ಎಂದು ಪಕ್ಕಕ್ಕಿಟ್ಟಳು. ಚುಕ್ಕಿಯ ಟೋಪಿ ಸಿಕ್ಕಿದ್ದೇ ತಡ, ಕನ್ನಡಕ ಮೇಲೇರಿಸಿ ನೋಡಿದಳು. ಎದ್ದು ಹೋಗಿ ಮರದ ತಲೆಗೆ ತೊಡಿಸಿದಳು.

"ಇದನ್ನ ಯಾರಮ್ಮ ಕಲಿಸಿದ್ದು ನಿಂಗೆ?"

"ನಮ್ಮಕ್ಕ. ಮೂರು ಕುಣಿಕೆಗಿಂತ ಜಾಸ್ತಿ ಒಂದೇ ಬಣ್ಣ ಬೇಡ ಅಂದಿದ್ರು. ಅದಕ್ಕೇ ಹಿಂಗೆ ಬಂತು."

ಹೆಂಗಸರೆಲ್ಲ ಹಿರಿಸೊಸೆಯ ಕಡೆ ತಿರುಗಿ, "ಗುರು ಅಂದ್ರೆ ಹಿಂಗಿರ್ಬೇಕು ನೋಡ್ರೀ" ಎಂದು ಹೊಗಳಿದರು. ಅವಳು "ಹೂಂ" ಎಂದಳು. ಸುಳ್ಳೇನೂ ಅಲ್ಲವಲ್ಲ. ತನ್ನ ಕೈಯಾರೆ ತನ್ನ ತಲೆಗೆ ಕಲ್ಲು ಹಾಕಿಕೊಂಡಿದ್ದಳು. ಹೊರಡುವಾಗ ಅಂಗಡಿಯಮ್ಮ ಅವಳ ಕೈಗೂ ಐದು ಬಣ್ಣದ ಉಂಡೆ ಕೊಟ್ಟು, ಚುಕ್ಕಿಯ ಟೋಪಿ ಇಪ್ಪತ್ತು ಬೇಕೆಂದಳು.

ಮನೆಗೆ ಬಂದು ಚೀಲ ಬಿಸಾಡಿದವಳ ಬಾಯಿಗೆ ತಡೆಯೇ ಇರಲಿಲ್ಲ. "ತುಂಬಾ ಮೆರೀಬೇಡ! ನಿಂಗೆ ಬರೋದು ಅರ್ಧ ವಿದ್ಯೆ. ಏಳು ಜನ್ಮ ಎತ್ತಿದ್ರೂ ನಿನ್ನ ಕೈಯಲ್ಲಿ ಆ ಹಕ್ಕಿ ಆಗಲ್ಲ. ಯಾಕೆ ಗೊತ್ತಾ? ಹಿಂದಿನ ಎಳೆ ಹಿಡಿಸೋದನ್ನ ನಾನು ಹೇಳ್ಕೊಡ್ಲೇ ಇಲ್ಲ. ಬೇಕು ಅಂತಲೇ ಹೇಳ್ಕೊಡ್ಲಿಲ್ಲ!"

ಕಿರಿಸೊಸೆ ಅಳುತ್ತಾಳೆಂದು ಕಾದಳು. ಅಳಲಿಲ್ಲ.

"ಗೊತ್ತಿತ್ತಕ್ಕ" ಎಂದಳು ಅವಳು, ಕಾಲಬೆರಳು ನೋಡುತ್ತ. "ಬಂದ ವಾರನೇ ಗೊತ್ತಾಯ್ತು. ನಿಮ್ಮ ಟೋಪಿ ಒಗೆಯೋವಾಗ ಒಳಮೈ ತಿರುಗಿಸ್ದೆ. ತಿರುವಿರೋದೆಲ್ಲ ಕಾಣುತ್ತಲ್ಲ."

"ಮತ್ತೆ? ಯಾಕೆ ಹೆಣೀಲಿಲ್ಲ?"

"ಹಕ್ಕಿ ನಿಮ್ದಲ್ವಾ ಅಕ್ಕ? ನೀವಾಗೇ ಕರೆದು ಹೇಳ್ಕೊಡೋ ತನಕ ಮುಟ್ಟಬಾರದು ಅಂದ್ಕೊಂಡೆ."

ಹಿರಿಸೊಸೆ ಗೋಡೆಗೊರಗಿ ಕೂತಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಜಂಬ ಮಾಡಿದ್ದರೆ ಊರಿಗೆಲ್ಲ ಹೇಳಿಕೊಂಡು ಹಗುರಾಗಬಹುದಿತ್ತು. ಇವಳ ಜಾಗದಲ್ಲಿ ತಾನಿದ್ದಿದ್ದರೆ ಎರಡನೆಯ ವಾರಕ್ಕೇ ಹಕ್ಕಿ ಹೆಣೆದು ಅಂಗಡಿಗೆ ಒಯ್ಯುತ್ತಿದ್ದೆನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಇವಳ ಕೈಗೆ ಮಾತ್ರ ಕರುಬುತ್ತಿದ್ದಳು, ಈಗ ಇವಳ ಮನಸ್ಸಿಗೂ ಕರುಬಬೇಕಾಗಿ ಬಂತು.

"ನೀಲಿ ಉಂಡೆ ತಗೊಂಡು ಬಾ" ಎಂದಳು ಕೊನೆಗೆ, ಮುಖ ನೋಡದೆ. "ಕೂತ್ಕೋ ಇಲ್ಲಿ. ರೆಕ್ಕೆಯಿಂದ ಶುರು ಮಾಡೋಣ."

ಕಿರಿಸೊಸೆ ಓಡಿಹೋಗಿ ತಂದಳು. ಹಿರಿಯವಳು ಎಳೆಯನ್ನು ತಿರುವಿ ತೋರಿಸಿದಳು, ಒಂದು ಸಲ, ಎರಡು ಸಲ. ಕಿರಿಯವಳು ಮೊದಲ ಸಲಕ್ಕೇ ಸರಿಯಾಗಿ ಹಿಡಿಸಿದಳು. ಹಿರಿಸೊಸೆಯ ಉರಿಯುವ ಹೊಟ್ಟೆಗೆ ಇನ್ನೊಂದು ಸೌದೆ ಬಿತ್ತು.